ರೈಲನ್ನೇ ದಾರಿ ತಪ್ಪಿಸಿದ ಮಾಮಾ

ಎತ್ತಿನಗಾಡಿ ದಾರಿ ತಪ್ಪಬಹುದು. ಬಸ್ಸು ತಪ್ಪಬಹುದು. ಕುಡಿದ ಮನುಷ್ಯನಂತೂ ತನ್ನ ಮನೆಯ ಮುಂದೆಯೇ ದಾರಿ ತಪ್ಪಬಹುದು. ಆದರೆ ರೈಲು? ಎರಡು ಹಳಿಗಳ ಮೇಲೆ ಕೂರಿಸಿ, ಸ್ಟೇರಿಂಗನ್ನೇ ಕೊಡದೆ ಕಳಿಸಿದ ರೈಲು ಹೇಗೆ ದಾರಿ ತಪ್ಪೀತು? ಆ ಸಾಧನೆ ಮಾಡಿದ ಮಹಾನುಭಾವರು ಈಗ ತುಕ್ಕಾನಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದಾರೆ. ನನ್ನ ತಾಯಿಯ ತಮ್ಮ, ನನ್ನ ಖಾಸಾ ಸೋದರಮಾವ!

ಮಾಮಾ ಮುಂಬೈಯಲ್ಲಿ ಲೋಕಲ್ ರೈಲು ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಹಳಿ ಕವಲೊಡೆಯುವಲ್ಲಿ ಸಿಗ್ನಲ್ ಬೇರೆ ಹಳಿಗೆ ಬಿದ್ದಿತ್ತು. ಹಾಗೆ ಬಿದ್ದರೆ ಚಾಲಕ ಗಾಡಿ ನಿಲ್ಲಿಸಿ, ಇದು ನನ್ನ ದಾರಿಯಲ್ಲ ಎಂದು ತಿಳಿಸಬೇಕಂತೆ. ಮಾಮಾ ಹಸಿರು ನೋಡಿದರು, ಯಾವ ಹಳಿಯ ಹಸಿರು ಎಂಬುದನ್ನು ನೋಡಲಿಲ್ಲ. ಆಫೀಸಿಗೆ ಹೊರಟ ಸಾವಿರಾರು ಜನ ತಮಗೆ ಬೇಡವೇ ಬೇಡವಾದ ಊರಿನ ಕಡೆ ಸಾಗಿದರು. ಯಾರಿಗೂ ಪೆಟ್ಟಾಗಲಿಲ್ಲ. ಮಾಮಾನಿಗೆ ಕೆಲವು ದಿನ ಮನೆಯಲ್ಲಿ ಕೂರುವ ಶಿಕ್ಷೆಯಾಯಿತು. ಖರೆ ಶಿಕ್ಷೆ ಶುರುವಾದದ್ದು ಅವರು ನಿವೃತ್ತರಾಗಿ ಊರಿಗೆ ಬಂದ ಮೇಲೆ. ಅದನ್ನು ಅನುಭವಿಸುತ್ತಿರುವವನು ನಾನು.

ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು. ಬಿಟ್ಟದ್ದಕ್ಕೆ ನಾಚಿಕೆಯಿಲ್ಲ, ನನ್ನ ಕೈಯಿಂದ ದುಡಿದು ಟೆಂಪೊ ಕೊಂಡಿದ್ದೇನೆ, ಅದರಲ್ಲಿ ಸುತ್ತಲಿನ ರೈತರ ಕಾಯಿಪಲ್ಲೆ ಪೇಟೆಗೆ ಮುಟ್ಟಿಸುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ರಸ್ತೆಗಳಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇಂಥ ನನ್ನ ಬಾಜೂ ಕೂತು ಮಾಮಾ ದಾರಿ ಕಲಿಸುತ್ತಾರೆ!

ಫಾಟಾ ಬಂತೆಂದರೆ, ಅಂದರೆ ರಸ್ತೆ ಎಲ್ಲಿ ಎರಡಾದರೂ, ಅವರು ಡ್ಯಾಶ್‌ಬೋರ್ಡನ್ನು ಒಮ್ಮೆ ತಟ್ಟುತ್ತಾರೆ. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೊರಡು. ರೈಲಿನಲ್ಲಿ ಹಿಂದಿನ ಗಾರ್ಡು ಮುಂದಿನ ಚಾಲಕನಿಗೆ ಗಂಟೆ ಒತ್ತುವುದು ಹೀಗೆಯೇ ಅಂತೆ. ನಿಂತ ಮೇಲೆ ಕೈ ಚಾಚಿ ಗಟ್ಟಿಯಾಗಿ ಹೇಳುತ್ತಾರೆ:

"ಎಡಕ್ಕ ಮೂಡಲಗಿ. ಬಲಕ್ಕ ಘಟಪ್ರಭಾ. ನಮ್ಮದು?"

"ಮಾಮಾ, ನಾ ಹುಟ್ಟಿದ್ದ ಇಲ್ಲೇರಿ."

"ಹುಟ್ಟಿದ್ದ ಕೇಳಿಲ್ಲ. ಹೋಗೂದ ಕೇಳೀನಿ."

"ಬಲಕ್ಕ."

"ಬಾಯಿ ತುಂಬ ಹೇಳು."

ಬಾಯಿ ತುಂಬ ಹೇಳಿದ ಮೇಲೆ ಎರಡು ಸಲ ತಟ್ಟುತ್ತಾರೆ. ಅಷ್ಟರಲ್ಲಿ ಹಿಂದಿನ ಲಾರಿಯವನು ನನ್ನ ವಂಶವನ್ನೆಲ್ಲ ನೆನೆದು ಮುಗಿಸಿರುತ್ತಾನೆ. ಹೊಲದಲ್ಲಿ ಹಸಿರಾಗಿ ಏರಿದ ಮೆಂತ್ಯೆಪಲ್ಲೆ ಪೇಟೆಗೆ ಬರುವ ಹೊತ್ತಿಗೆ ತಲೆ ಬಾಗಿಸಿರುತ್ತದೆ.

ಒಮ್ಮೆ ಗೋಕಾಕದಲ್ಲಿ ಸಂಬಂಧಿಕರ ಮದುವೆ. ಬ್ಯಾಂಡು ಮುಂದೆ, ಕುದುರೆಯ ಮೇಲೆ ಮದುಮಗ. ಪೇಟೆಯಲ್ಲಿ ರಸ್ತೆ ಎರಡಾಗುವಲ್ಲಿ ಮಾಮಾ ಓಡಿಹೋಗಿ ಎರಡೂ ಕೈ ಅಗಲಿಸಿ ನಿಂತರು. ಬ್ಯಾಂಡು ನಿಂತಿತು, ಕುದುರೆ ನಿಂತಿತು.

"ಮದುಮಗ ಹೇಳಲಿ. ಯಾವ ಕಡೆ?"

ಮದುಮಗ ಬಾಸಿಂಗ ಸರಿಸಿ ಎರಡೂ ಕಡೆ ನೋಡಿ, "ಮಾಮಾ, ಇಷ್ಟ ವಿಚಾರ ಮಾಡಾಕ ಹಚ್ಚಿದ್ರ ನಾ ಹೊಳ್ಳಿ ಮನಿಗೆ ಹೋಗ್ತೇನ್ರಿ," ಎಂದ. ಹೆಣ್ಣಿನ ಕಡೆಯವರು ಇವತ್ತಿಗೂ ಆ ಹುಡುಗನನ್ನು ಪೂರ್ತಿ ನಂಬಿಲ್ಲ.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ ದಿನವೂ ಬಂತು. ನನ್ನ ಮಗಳಿಗೆ ನರ್ಸಿಂಗ್ ಓದುವ ಆಸೆ. ಅದರ ಪ್ರವೇಶ ಪರೀಕ್ಷೆಯ ಕೇಂದ್ರ ಹುಕ್ಕೇರಿಗೆ ಬಿದ್ದಿತ್ತು. ಹತ್ತು ಗಂಟೆಗೆ ಗೇಟು ಬಂದ್, ಆಮೇಲೆ ಅತ್ತರೂ ಒಳಗೆ ಬಿಡುವುದಿಲ್ಲ, ಒಂದು ವರ್ಷ ಹೋದಂತೆಯೇ. ಎರಡು ವರ್ಷ ಅವಳು ಒಲೆಯ ಮುಂದೆಯೂ ಪುಸ್ತಕ ಹಿಡಿದು ಕೂತದ್ದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಟೆಂಪೊ ತೆಗೆದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾಮಾ ಮುಂದಿನ ಸೀಟಿನಲ್ಲಿ ತಯಾರು!

"ಮಾಮಾ, ಇವತ್ತ ಹಿಂದ ಕುಂದರ್ರಿ. ಮತ್ತ ಒಂದ ಮಾತ ಆಡಬ್ಯಾಡ್ರಿ."

"ಫಾಟಾ ಬಂದ್ರ?"

"ಫಾಟಾ ಬಂದ್ರೂ ಆಡಬ್ಯಾಡ್ರಿ. ರೈಲ ತಪ್ಪಿಸಿದವರ ಕಡೆ ನಾ ರಸ್ತೆ ಕಲೀಬೇಕಾಗಿಲ್ಲ."

ಅಂದುಬಿಟ್ಟೆ. ಮಾಮಾ ಇಳಿದು, ಹಿಂದೆ ಖಾಲಿ ಕ್ರೇಟುಗಳ ನಡುವೆ ಹೋಗಿ ಕೂತರು. "ಅಪ್ಪಾ, ಹಂಗ ಅನ್ನಬಾರದಿತ್ತು," ಎಂದಳು ಮಗಳು. ನಾನು ಗೇರು ಹಾಕಿದೆ.

ಘಟಪ್ರಭಾ ದಾಟಿ ಬಹಳ ದೂರ ಬಂದ ಮೇಲೆ ಒಂದು ಕವಲಿದೆ. ಒಂದು ದಾರಿ ಹುಕ್ಕೇರಿಗೆ, ಇನ್ನೊಂದು ಹಿಡಕಲ್ ಮೂಲಕ ಯಮಕನಮರಡಿಗೆ. ಅಲ್ಲಿ ಬೆನ್ನ ಹಿಂದಿನ ಗಾಜಿಗೆ ಒಂದೇ ಒಂದು ತಟ್ಟು ಬಿತ್ತು. ಕನ್ನಡಿಯಲ್ಲಿ ಮಾಮಾನ ಮುಖ ಕಂಡಿತು. ಮಾತಾಡಬೇಡಿ ಎಂದರೆ ತಟ್ಟುತ್ತಾರಲ್ಲ ಎಂದು ಸಿಟ್ಟು ನೆತ್ತಿಗೇರಿ, ಇನ್ನೂ ಜೋರಾಗಿ ಓಡಿಸಿದೆ. ಸ್ವಲ್ಪ ಬಿಟ್ಟು ಮತ್ತೆ ಅದೇ ಒಂಟಿ ತಟ್ಟು ಬಿತ್ತು. ನಾನು ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಎದುರಿಗೆ ಹಿಡಕಲ್ ಜಲಾಶಯದ ನೀರು ಮಿಂಚಿತು. ಹುಕ್ಕೇರಿ ದಾರಿಯಲ್ಲಿ ಅಷ್ಟೊಂದು ನೀರು ಎಲ್ಲಿಂದ ಬರಬೇಕು?

ವಾರಕ್ಕೆ ಮೂರು ಸಲ ಯಮಕನಮರಡಿಗೆ ಮಾಲು ಒಯ್ಯುವ ಕೈ, ನನ್ನನ್ನು ಕೇಳದೆಯೇ ಅತ್ತ ತಿರುಗಿಸಿತ್ತು. ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು. ಬ್ರೇಕ್ ಒತ್ತಿದೆ. ಮಗಳು ಪುಸ್ತಕದಿಂದ ತಲೆ ಎತ್ತಿ ನೀರು ನೋಡಿದಳು, ನನ್ನನ್ನು ನೋಡಿದಳು. ನನ್ನ ಕೈಗೆ ಗೇರು ಸಿಗಲೇ ಇಲ್ಲ.

ಮಾಮಾ ಇಳಿದು ಕಿಟಕಿಗೆ ಬಂದರು. ಈಗ ಬೈಗುಳದ ಮಳೆ ಎಂದುಕೊಂಡೆ. ಬೈಯಲು ಅವರಿಗೆ ಇಂಥ ದಿನ ಇನ್ನೆಂದು ಸಿಕ್ಕೀತು?

"ಅಳ್ಯಾ, ಮೊದಲ ನೀರ ಕುಡಿ," ಎಂದು ಬಾಟಲಿ ಕೊಟ್ಟರು. "ಗಾಡಿ ಐತಿ, ರಸ್ತೆ ಐತಿ, ಟೈಮೂ ಐತಿ. ತಂಗೀ, ಬಾಜೂ ಸರಿ."

ಮಗಳು ನಡುವೆ ಸರಿದಳು, ಮಾಮಾ ಹತ್ತಿ ಕೂತರು. ಗಾಡಿ ಹಿಂದಕ್ಕೆ ಹೊಳ್ಳಿಸಿದೆ. ದಾರಿಯುದ್ದಕ್ಕೂ ಅವರು, "ಮುಂದ ಹಂಪ್ ಐತಿ," "ಟ್ರ್ಯಾಕ್ಟರ್ ದಾಟಲಿ," ಇಷ್ಟೇ ಹೇಳಿದರು. ಹುಕ್ಕೇರಿಯ ಕೇಂದ್ರ ಮುಟ್ಟಿದಾಗ ಸಿಪಾಯಿ ಗೇಟಿನ ಒಂದು ಬಾಗಿಲು ಹಾಕಿ ಇನ್ನೊಂದಕ್ಕೆ ಕೈ ಹಚ್ಚಿದ್ದ. ಮಗಳು ಓಡಿ ಒಳಹೊಕ್ಕಳು.

ಎದುರಿನ ಚಹಾದಂಗಡಿಯಲ್ಲಿ ನಾವಿಬ್ಬರೂ ಎದುರುಬದುರು ಬೆಂಚಿನ ಮೇಲೆ ಕೂತೆವು.

"ಬೈದಬಿಡ್ರಿ ಮಾಮಾ."

ಅವರು ಚಹಾವನ್ನು ಬಸಿಗೆ ಸುರಿದು ಆರಿಸಿದರು.

"ಗಾಡಿ ತಪ್ಪಿದ್ರ ಹಿಂದಕ ಒಯ್ಯಬೇಕಲ್ಲ? ಅದಕ್ಕ ಚಾಲಕ ಇಳಿದು ಹಿಂದಿನ ತುದಿ ಕ್ಯಾಬಿನ್ನಿಗೆ ಹೋಗಬೇಕ. ಹನ್ನೆರಡ ಡಬ್ಬಿ. ಹಳಿ ಬಾಜೂಕಿನ ಖಡಿ ಕಲ್ಲಿನ ಮ್ಯಾಲ ನಡಕೊಂತ ಹ್ವಾದೆ, ಕೈಯಾಗ ಚೀಲ. ಪ್ರತಿ ಬಾಗಲದಾಗೂ ಮಂದಿ."

"ಮಂದಿ ಏನಂದ್ರು ಮಾಮಾ?"

"ಬಾಯಿಗೆ ಬಂದದ್ದ ಅಂದ್ರು. ಅವರದೇನ ತಪ್ಪಿಲ್ಲ, ಯಾವಕಿಗೋ ದವಾಖಾನಿ ಇರತೈತಿ, ಯಾವನಿಗೋ ಪರೀಕ್ಷಾ ಇರತೈತಿ." ಬಸಿ ಕೆಳಗಿಟ್ಟರು. "ಅವತ್ತಿಗೆ ಎರಡ ರಾತ್ರಿಯಿಂದ ನಿದ್ದಿ ಇದ್ದಿದ್ದಿಲ್ಲ ನನಗ. ಕಣ್ಣ ತೆರದ ಇದ್ದೂ, ಕಾಣಲಿಲ್ಲ. ಲೋಕಲ್ ಕ್ಯಾಬಿನ್ಯಾಗ ಒಬ್ಬಾವನ ಇರತಾನ ಅಳ್ಯಾ. ಗಾರ್ಡ ಹಿಂದಿನ ತುದಿಗೆ. ಬೆನ್ನ ಹಿಂದ ಇಷ್ಟ ಮಂದಿ ಇದ್ರು, ಸಿಗ್ನಲ್ ನಮ್ಮದಲ್ಲೋ ಅಂತ ಅನ್ನಾಕ ಬಾಜೂ ಒಬ್ರೂ ಇದ್ದಿದ್ದಿಲ್ಲ."

ಪರೀಕ್ಷೆ ಮುಗಿಯಲು ಇನ್ನೂ ಮೂರು ತಾಸಿತ್ತು. ನಾನು ನನ್ನ ಬೆಂಚಿನಿಂದ ಎದ್ದು, ಇನ್ನೆರಡು ಚಹಾ ಹೇಳಿ, ಅವರ ಬಾಜೂ ಹೋಗಿ ಕೂತೆ.