ಕಂಟಕ ತಗೊಳ್ಳುವ ಮೀನು

ಕೆಲವರ ಕಸುಬೇ ಹಾಗೆ, ತಾವು ಸುಮ್ಮನಿದ್ದರೂ ಎಡವಟ್ಟುಗಳು ವಿಳಾಸ ಕೇಳಿಕೊಂಡು ಬರುತ್ತವೆ. ನನ್ನದು ಆ ಜಾತಿಯ ಕಸುಬು. ನಂಜನಗೂಡಿನಲ್ಲಿ ಬಣ್ಣದ ಮೀನು, ಗಾಜಿನ ತೊಟ್ಟಿ ಮಾರುವ ಅಂಗಡಿ. ತೊಂಬತ್ತರ ದಶಕದಲ್ಲಿ ಶುರು ಮಾಡಿದಾಗ ಬೋರ್ಡಿನ ಮೇಲೆ 'ಮೀನು' ಅಂತ ದೊಡ್ಡದಾಗಿ ಬರೆಸಿದ್ದೇ ತಪ್ಪಾಯಿತು. ಬೆಳಗಾದರೆ ಜನ ಚೀಲ ಹಿಡಿದುಕೊಂಡು ಬಂದು ಕೆ.ಜಿ. ಹೆಂಗೆ ಅನ್ನುವರು. ಹೆಮ್ಮರಗಾಲದ ಯಜಮಾನನೊಬ್ಬ ಎಲ್ಲಾ ತೊಟ್ಟಿಗಳನ್ನೂ ಬಗ್ಗಿ ಬಗ್ಗಿ ನೋಡಿ, "ಬಲೇ ಸಣ್ಣವು. ಓಗ್ಲಿ, ಕ್ಲೀನ್ ಮಾಡಿ ಕೊಟ್ಟೀರಾ?" ಅಂದ.

"ಮಾಡ್ತೀನಿ, ಮನೆಗೇ ಬಂದು ಮಾಡ್ತೀನಿ" ಅಂದೆ.

ಸುಳ್ಳೇನೂ ಅಲ್ಲ. ಬಕೆಟ್ಟು, ಪೈಪು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದುಕೊಂಡು ಮನೆಮನೆಗೆ ಹೋಗಿ ಮೀನು ತೊಟ್ಟಿಯ ಫಿಲ್ಟರ್ ತೊಳೆಯುವುದೇ ನನ್ನ ಹೊಟ್ಟೆಪಾಡು. ಫಿಲ್ಟರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಪುಟ್ಟ ಮೋಟರು, ಅದಕ್ಕೊಂದು ಸ್ಪಂಜು. ಮೋಟರು ನೀರನ್ನು ಸ್ಪಂಜಿನೊಳಗಿಂದ ಎಳೆದು ಗುಳುಗುಳು ಅಂತ ಗುಳ್ಳೆ ಬಿಡುತ್ತದೆ. ಗಲೀಜು ಸ್ಪಂಜಿನಲ್ಲಿ ನಿಲ್ಲುತ್ತದೆ, ಮೀನು ಬದುಕುತ್ತದೆ. ಮೀನು ಬದುಕಿದರೆ ಎಲ್ಲರಿಗೂ ಸಂತೋಷ ಅಂತ ನಾನು ತಿಳಿದುಕೊಂಡಿದ್ದೆ.

ಸೊಸೆಯ ಕೈಗುಣ

ನಂಜನಗೂಡಿನ ಅಕ್ಕಿ ವ್ಯಾಪಾರಿಯೊಬ್ಬರ ಮನೆ. ನೆಂಟರು ಬರುತ್ತಾರೆ ಅಂತ ಆ ಮನೆಯ ಸೊಸೆ ನನಗೆ ಕಾಯದೆ ತಾನೇ ಫಿಲ್ಟರ್ ಬಿಚ್ಚಿದ್ದಾಳೆ. ಸ್ಪಂಜು ಕರ್ರಗೆ ಇದೆಯಲ್ಲ, ಅಸಹ್ಯವಾಗಿದೆ. ಕುದಿಯುವ ನೀರಿಗೆ ಸೋಪಿನ ಪುಡಿ ಸುರಿದು, ನೆನೆಸಿ, ಬಡಿದು, ಬಿಸಿಲಿಗೆ ಒಣಗಿಸಿ, ಹೊಸದರ ಹಾಗೆ ಮಾಡಿ ಹಾಕಿದ್ದಾಳೆ. ನೆಂಟರು ಬರುವ ಹೊತ್ತಿಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು.

ಬೈಸಿಕೊಳ್ಳುವುದಕ್ಕೆ ತಯಾರಾಗಿಯೇ ಹೋದೆ. "ಸ್ಪಂಜನ್ನ ತೊಟ್ಟಿ ನೀರಲ್ಲೇ ಮೆಲ್ಲಗೆ ಹಿಂಡಬೇಕು ಕಣಮ್ಮ. ಆ ಗಲೀಜಲ್ಲೇ ಒಳ್ಳೇ ಕ್ರಿಮಿ ಇರ್ತವೆ. ಅವನ್ನ ಕೊಂದ್ರೆ ಮೀನೂ ಹೋಗ್ತವೆ" ಅಂದೆ. ಸೊಸೆ ಸೆರಗು ಕಚ್ಚಿಕೊಂಡು ಅಳುವುದೊಂದು ಬಾಕಿ. ಅಷ್ಟರಲ್ಲಿ ಅತ್ತೆ ಒಳಗಿಂದ ಕಾಫಿ ತಂದರು. ಅದೂ ನನಗೆ.

"ಓಗ್ಲಿ ಬುಡಪ್ಪ. ನಮ್ಮನೆಗೆ ಬರ್ಬೇಕಾಗಿದ್ದ ಕಂಟಕನ ಅವು ತಗಂಡು ಓದ್ವು."

ನಮ್ಮ ಕಡೆ ಈ ನಂಬಿಕೆ ಆಗತಾನೇ ಹಬ್ಬುತ್ತಿತ್ತು. ಮನೆಯವರ ತಲೆಗೆ ಬರಬೇಕಾದದ್ದು ತೊಟ್ಟಿಯ ಮೀನಿಗೆ ಹೋಗುತ್ತದಂತೆ. ಬೇರೆ ವ್ಯಾಪಾರದಲ್ಲಿ ಮಾಲು ಕೆಟ್ಟರೆ ಉಗಿಯುತ್ತಾರೆ, ನನಗೆ ಕಾಫಿ ಸಿಕ್ಕಿತು. ಲೋಟ ಕೆಳಗಿಡುವಾಗ ಆ ಯಜಮಾನಿತಿ, "ಇನ್ನೊಂದಷ್ಟು ಮೀನು ತಂದು ಬುಡಪ್ಪ. ತೊಳ್ಯಾಕೆ ನೀ ಬರ್ಬ್ಯಾಡ, ನಮ್ ಸೊಸೆನೇ ತೊಳೀಲಿ. ಅವಳ ಕೈಗುಣ ಸಂದಾಗದೆ" ಅಂದರು.

ಎಲ್ಲೋಯ್ತು ಕೆಂಪಂದು

ಟಿ. ನರಸೀಪುರದಲ್ಲಿ ಒಬ್ಬರು ಡಾಕ್ಟರ ಕ್ಲಿನಿಕ್ಕಿನಲ್ಲೂ ತೊಟ್ಟಿ ಇಟ್ಟುಕೊಟ್ಟಿದ್ದೆ. ಅಲ್ಲಿ ಲೆಕ್ಕ ಉಲ್ಟಾ. ಕಾದು ಕೂತ ರೋಗಿಗಳಿಗೆ ಹೊತ್ತು ಹೋಗಲಿ ಅಂತ ಇಟ್ಟ ಮೀನು, ಒಂದು ಸತ್ತರೂ ಬೆಂಚಿನ ತುಂಬ ಗುಸುಗುಸು. "ಮೀನ್ನೇ ಉಳಿಸ್ಕಳಾಕಾಗ್ದೋರು ನಮ್ಮುನ್ನ ಏನು ಉಳಿಸಾರು?" ಅಂತ ಒಬ್ಬಳು ಚೀಟಿ ತಗೊಂಡವಳು ವಾಪಸ್ ಎದ್ದು ಹೋಗಿದ್ದಳಂತೆ. ಡಾಕ್ಟರಿಗೆ ಪಿತ್ತ ನೆತ್ತಿಗೇರಿತು. ರೋಗಿಗಳು ಬರುವ ಮೊದಲೇ ಬಂದು ಫಿಲ್ಟರ್ ತೊಳೆದು, ಸತ್ತದ್ದನ್ನು ಎತ್ತಿಕೊಂಡು ಹೋಗಬೇಕು ಅಂತ ನನಗೆ ಅಪ್ಪಣೆಯಾಯಿತು.

ಒಂದು ದಿನ ಬಸ್ಸು ತಡವಾಯಿತು. ಕ್ಲಿನಿಕ್ ತುಂಬಿಬಿಟ್ಟಿದೆ. ನಾನು ಬಕೆಟ್ ಅಡ್ಡ ಹಿಡಿದು, ಸತ್ತ ಕೆಂಪು ಮೀನನ್ನು ಹೆಂಗೋ ಕವರಿಗೆ ಸೇರಿಸಿ ಜೇಬಿಗಿಟ್ಟೆ. ಮೂಲೆಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಮುದುಕನ ಕಣ್ಣು ಮಾತ್ರ ಬಲು ಚುರುಕು.

"ಸಾ, ಮೊನ್ನೆ ಬಂದಾಗ ಒಂದು ಕೆಂಪಂದು ಇತ್ತಲ್ಲ, ಎಲ್ಲೋಯ್ತು?"

ಇಡೀ ಬೆಂಚು ನನ್ನ ಕಡೆ ತಿರುಗಿತು. ಕಾಂಪೌಂಡರ್ ಮಾತ್ರೆ ಎಣಿಸುತ್ತಿದ್ದವನು ತಲೆ ಎತ್ತದೆ ಹೇಳಿದ, "ಮೈಸೂರಿಗೆ ರೆಫರ್ ಮಾಡವ್ರೆ."

ಮುದುಕ ನಿಟ್ಟುಸಿರು ಬಿಟ್ಟ. "ಅಂಗಾರೆ ವಾಪಸ್ ಬರಾಕಿಲ್ಲ ಬುಡಿ" ಅಂದ.

ಏಳೆಂಟು ವರ್ಷ

ಅದೇ ಊರಿನಲ್ಲಿ ಒಬ್ಬರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರಿದ್ದರು. ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಮಿಷನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಮೇಷ್ಟ್ರ ಹೆಂಡತಿ ಮುಡುಕುತೊರೆ ಕಡೆ ಯಾರೋ ಶಾಸ್ತ್ರ ಹೇಳುವವರನ್ನು ಕೇಳಿಕೊಂಡು ಬಂದರು. ಕೆಂಪು ಮೀನು ಎಷ್ಟಾದರೂ ಇಟ್ಟುಕೊಳ್ಳಿ, ಜೊತೆಗೆ ಕಪ್ಪಗಿನದು ಒಂದೇ ಒಂದು ಇರಲಿ, ಯಜಮಾನರ ಕಂಟಕ ಕರೀದರ ಮೇಲೆ ಹೋಗುತ್ತದೆ, ಅದು ಸತ್ತ ದಿನ ಇವರು ಎದ್ದು ಓಡಾಡುತ್ತಾರೆ ಅಂತ ಆತ ಹೇಳಿದನಂತೆ.

ನನಗೆ ಈ ಸಂಗತಿ ಏನು ಗೊತ್ತು. ಅಂಗಡಿಗೆ ಬಂದು ಒಂದು ಕರೀದು ಬೇಕು ಅಂದರು. ಪಾಪ, ದೂರದಿಂದ ಬಂದಿದ್ದಾರೆ ಅಂತ ಇದ್ದುದರಲ್ಲೇ ಗಟ್ಟಿಮುಟ್ಟಾದ ಗುಡ್ಡೆಗಣ್ಣಿನದ್ದನ್ನು ಆರಿಸಿ ಕೊಟ್ಟೆ. ಮೇಷ್ಟ್ರು ಅದಕ್ಕೆ ಕರಿಯ ಅಂತ ಹೆಸರಿಟ್ಟರು. ಮಂಚದ ಎದುರಿಗೇ ತೊಟ್ಟಿ.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಫಿಲ್ಟರ್ ತೊಳೆಯುತ್ತಿದ್ದೆ. ಅಮ್ಮಾವ್ರು ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ, "ಆ ಕರೀದು ಹೆಂಗಿದೆಯಪ್ಪ?" ಅಂದರು.

"ಕಲ್ಲಿದ್ದಂಗಿದೆ ಅಮ್ಮಾವ್ರೇ. ಹಿಂಗೇ ಫಿಲ್ಟರ್ ನೋಡ್ಕೊಂಡ್ರೆ ಇನ್ನೂ ಏಳೆಂಟು ವರ್ಷ ಅದಕ್ಕೇನೂ ಆಗಲ್ಲ" ಅಂತ ಎದೆ ಉಬ್ಬಿಸಿ ಹೇಳಿದೆ.

ಅವರು ಗೋಡೆ ಹಿಡಿದು ಕೂತುಬಿಟ್ಟರು. ನಾನು ಗಾಬರಿ. ಆಮೇಲೆ ಮೇಷ್ಟ್ರೇ ಮಲಗಿದ್ದಲ್ಲಿಂದ ಎಲ್ಲ ಬಿಡಿಸಿ ಹೇಳಿ, "ಆ ಮಾತನ್ನ ನನ್ನ ಮುಖ ನೋಡ್ಕೊಂಡು ಹೇಳಿದ್ರೆ ನಿನಗೆ ಇವತ್ತು ಕಾಫಿ ಸಿಕ್ತಿತ್ತು ಕಣಯ್ಯ" ಅಂದರು.

ಲೋಟದ ನೀರು

ಮೇಷ್ಟ್ರಿಗೆ ಕುಡಿಯುವ ನೀರು ಅಳತೆಯ ಮೇಲೆ. ಆ ಕಾಯಿಲೆಯಲ್ಲಿ ನೀರು ಹೆಚ್ಚಾದರೆ ಉಸಿರಿಗೇ ಬರುತ್ತದಂತೆ. ಒಂದು ಪುಟ್ಟ ಸ್ಟೀಲ್ ಲೋಟದಲ್ಲಿ ಅಮ್ಮಾವ್ರು ಅಳೆದು ಅಳೆದು ಕೊಡುವರು. ಅದು ಬೇರೆ ಬೇಸಿಗೆ. ನಾನು ಅವರ ಕಣ್ಣೆದುರಿಗೇ ಬಿಂದಿಗೆಗಟ್ಟಲೆ ನೀರು ತೆಗೆದು ಚೆಲ್ಲಿ, ಬಿಂದಿಗೆಗಟ್ಟಲೆ ಹೊಸ ನೀರು ಸುರಿಯಬೇಕು. ಅವರು ತುಟಿ ಸವರಿಕೊಳ್ಳುತ್ತಾ ನೋಡುವರು. ನನಗೆ ಸಂಕಟವಾಗಿ, ಬೆನ್ನು ಅಡ್ಡ ಮಾಡಿಕೊಂಡು ಸುರಿಯುತ್ತಿದ್ದೆ.

"ಅಡ್ಡ ನಿಲ್ಲಬೇಡ ಕಣಯ್ಯ. ಕುಡಿಯೋಕಂತೂ ಇಲ್ಲ, ನೋಡೋಕಾದ್ರೂ ಬಿಡು" ಅನ್ನುವರು. ನಾನು ಸ್ಪಂಜು ಹಿಂಡುವುದನ್ನು ನೋಡಿ ಒಂದು ಸಲ, "ನನಗೂ ಮೈಸೂರಲ್ಲಿ ಇದನ್ನೇ ಮಾಡ್ತಾರೆ. ನಿನ್ನಷ್ಟು ಬೇಗ ಆಗಲ್ಲ ಅವರಿಗೆ" ಅಂದರು.

ಆ ಬೇಸಿಗೆಯಲ್ಲಿ ಕರೆಂಟು ಹೋದರೆ ಹೋಯಿತು, ಬರುವುದು ಅದರ ಮರ್ಜಿ. ಫಿಲ್ಟರ್ ನಿಂತು ನಿಂತು ಕೆಂಪು ಮೀನುಗಳು ಒಂದೊಂದಾಗಿ ಹೋದವು. ಕರಿಯ ಮಾತ್ರ ಇನ್ನೂ ದಪ್ಪಗಾದ. ಮೇಷ್ಟ್ರ ಕೈಕಾಲು ಕಡ್ಡಿಯಾದವು, ಪಾದ ಊದಿಕೊಂಡವು.

"ಸಾಯ್ಬೇಕಾದ್ದು ಸಾಯಲ್ಲ, ಬೇಡದ್ದೆಲ್ಲ ಸಾಯ್ತವೆ" ಅಂತ ಅಮ್ಮಾವ್ರು ಕಣ್ಣೊರೆಸಿಕೊಂಡರು.

ಮೇಷ್ಟ್ರು ತೊಟ್ಟಿಯನ್ನೊಮ್ಮೆ, ತಮ್ಮ ಖಾಲಿ ಲೋಟವನ್ನೊಮ್ಮೆ ನೋಡಿ ಹೆಂಡತಿಗೆ ಹೇಳಿದರು, "ಯಾರ ಕಂಟಕ ಯಾರು ತಗೋಬೇಕು ಅಂತ ಸರಿಯಾಗಿ ಕೇಳಿಸ್ಕೊಂಡು ಬಂದಿದ್ಯೇನೇ ನೀನು?"

ಅಷ್ಟು ಚೆನ್ನಾಗಿ ಯಾಕೆ ನೋಡ್ಕೊತೀಯ

ಒಂದು ಮಧ್ಯಾಹ್ನ ಅಂಗಡಿಗೆ ಅಮ್ಮಾವ್ರ ಫೋನು. ಫಿಲ್ಟರ್ ನಿಂತಿದೆ, ಬೇಗ ಬಾ ಅಂದರು. ಅಂಗಡಿ ಬಾಗಿಲೆಳೆದು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮೋಟರಿಗೆ ಏನೂ ಆಗಿಲ್ಲ, ಪ್ಲಗ್ಗು ಹೊರಗಿದೆ. ಸಿಕ್ಕಿಸಿದೆ, ಗುಳ್ಳೆ ಬಂತು. ಮೇಷ್ಟ್ರು ನಿದ್ದೆಯಲ್ಲಿದ್ದರು.

ಅಮ್ಮಾವ್ರು ಅಡುಗೆಮನೆಗೆ ಕರೆದರು. "ಪ್ಲಗ್ಗು ತಾನಾಗಿ ಬಿದ್ದಿದ್ದಲ್ಲಪ್ಪ, ನಾನೇ ಕಿತ್ತಿದ್ದು. ಕಿತ್ತು ಅಲ್ಲೇ ನಿಂತು ನೋಡಿದೆ. ಅದು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡೋಕೆ ಶುರು ಮಾಡ್ತು. ಇವರೂ ಉಸಿರು ಸಿಗದಾಗ ಹಂಗೇ ಬಾಯಿ ಬಿಡ್ತಾರೆ. ನನ್ ಕೈಲಿ ನೋಡೋಕಾಗಲಿಲ್ಲ. ಅದಕ್ಕೆ ನಿನಗೆ ಫೋನ್ ಮಾಡ್ದೆ."

"ಒಳ್ಳೇದಾಯ್ತು ಬಿಡಿ, ಈಗ ಓಡ್ತಾ ಇದೆ" ಅಂದೆ.

"ಓಡಿಸೋಕಲ್ಲಪ್ಪ ಕರೆದದ್ದು. ನನ್ ಕೈಲಾಗಲ್ಲ, ನೀನು ಏನಾದ್ರೂ ಮಾಡು."

ಆ ಹೆಂಗಸಿಗೆ ಮೀನಿನ ಮೇಲೆ ದ್ವೇಷವಿಲ್ಲ, ಗಂಡ ಬದುಕಬೇಕು ಅಷ್ಟೆ. ನಾನು ಅದೂ ಇದೂ ಅಂದು, "ಅಮ್ಮಾವ್ರೇ, ನಾನು ಬದುಕಿಸೋಕೆ ಬರೋನು, ಈ ಕೆಲಸ ನನ್ನಿಂದಾಗಲ್ಲ" ಅಂದೆ.

ಅವರಿಗೆ ಸಿಟ್ಟೇ ಬಂತು. "ಊರ ತುಂಬ ನೀನು ಮಾರಿದ ಮೀನೆಲ್ಲ ಸಾಯ್ತವೆ ಅಂತಾರಪ್ಪ. ನಮ್ಮನೇದೊಂದನ್ನ ಮಾತ್ರ ಯಾಕೆ ಇಷ್ಟು ಚೆನ್ನಾಗಿ ನೋಡ್ಕೊತೀಯ?"

ಈ ಕಸುಬಿನಲ್ಲಿ ಕೆಲಸ ನೆಟ್ಟಗೆ ಮಾಡಿದ್ದಕ್ಕೆ ಬೈಸಿಕೊಂಡದ್ದು ಅದೊಂದೇ ಸಲ.

ಒಂದೇ ಪ್ಲಗ್ ಪಾಯಿಂಟು

ಆಮೇಲೆ ಅವರ ಮನೆಯ ಸರದಿ ಬಂದ ದಿನ, ಯಾರೂ ನನಗೆ ಏನೂ ಹೇಳಿರಲಿಲ್ಲ, ಎಂದಿನಂತೆ ಬಕೆಟ್ಟು ಪೈಪು ಹಿಡಿದು ಬೀದಿ ತಿರುಗಿದರೆ ಶಾಮಿಯಾನ ಹಾಕಿದೆ. ಗೇಟಿನಲ್ಲಿದ್ದವನು ನನ್ನ ಬಕೆಟ್ ನೋಡಿ, "ಮೈ ತೊಳ್ಯಾದು ಇನ್ನೂ ಒತ್ತಾಯ್ತದೆ, ಮಗಳು ಉಬ್ಬಳ್ಳಿಯಿಂದ ಬರ್ಬೇಕು. ಬಕೀಟು ಇತ್ಲಲ್ಲಿ ಮಡುಗು" ಅಂದ. ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಹೋದೆ.

ಹಾಲಿನಲ್ಲಿ ಮಂಚ ಇದ್ದ ಜಾಗದಲ್ಲಿ ಹೆಣ ಇಡುವ ಫ್ರೀಜರ್ ಪೆಟ್ಟಿಗೆ. ಒಳಗೆ ಮೇಷ್ಟ್ರು. ಎದುರಿಗೆ ತೊಟ್ಟಿ, ಒಳಗೆ ಕರಿಯ. ಎರಡಕ್ಕೂ ಗಾಜು. ಅಮ್ಮಾವ್ರು ಪೆಟ್ಟಿಗೆಯ ಪಕ್ಕ ಗೊಂಬೆಯ ಹಾಗೆ ಕೂತಿದ್ದರು. ಬೆಳಗಿನಿಂದ ಅತ್ತಿಲ್ಲ, ಒಂದು ಮಾತೂ ಆಡಿಲ್ಲ ಅಂತ ಹೆಂಗಸರು ಪಿಸುಗುಟ್ಟುತ್ತಿದ್ದರು.

ಪೆಟ್ಟಿಗೆಯವನು ವೈರು ಹಿಡಿದುಕೊಂಡು ಗೋಡೆ ಗೋಡೆ ಹುಡುಕುತ್ತಿದ್ದ. ಹಾಲಿಗೆ ಇದ್ದದ್ದು ಒಂದೇ ಪ್ಲಗ್ ಪಾಯಿಂಟು, ಅದರಲ್ಲಿ ಫಿಲ್ಟರ್. ಶಾಮಿಯಾನದವನ ಹತ್ತಿರ ಉದ್ದನೆ ವೈರು ತರಲು ಹೋದವರು ಹೋದವರೇ. ತಗಡೂರಿನಿಂದ ಬಂದಿದ್ದ ಮೇಷ್ಟ್ರ ಅಣ್ಣ ನನ್ನನ್ನು ನೋಡಿ, "ನೀನೇ ಅಲ್ವಾ ಮೀನಿನೋನು? ಕೀಳು ಅದನ್ನ ಅತ್ಲಾಗೆ" ಅಂದರು. ಕಿತ್ತೆ. ಪೆಟ್ಟಿಗೆ ಗುರ್ ಅಂತು, ಗುಳ್ಳೆ ನಿಂತಿತು.

ಅಮ್ಮಾವ್ರು ಥಟ್ಟನೆ ತಲೆ ಎತ್ತಿದರು. "ಯಾಕಪ್ಪ ಸದ್ದು ನಿಂತೋಯ್ತು?"

ಹೇಳಿದೆ. ಅವರು ಎದ್ದು ಬಂದು ಪೆಟ್ಟಿಗೆಯ ಪ್ಲಗ್ಗನ್ನು ತಾವೇ ಕಿತ್ತು ನನ್ನ ಕೈಗೆ ಕೊಟ್ಟರು. ಕೂತಿದ್ದವರೆಲ್ಲ ಅಯ್ಯಯ್ಯೋ ಅಂದರು. ಪೆಟ್ಟಿಗೆಯವನು, "ಅಮ್ಮಾ, ಆಫ್ ಮಾಡ್ಬಾರ್ದು, ಒಳಗಿರೋರಿಗೆ ತೊಂದ್ರೆ ಆಯ್ತದೆ" ಅಂತ ಕೈಮುಗಿದ.

"ಅವರಿಗೆ ಆಗೋ ತೊಂದ್ರೆಯೆಲ್ಲ ಆಗಿ ಮುಗೀತು" ಅಂದು ಅಮ್ಮಾವ್ರು ನನ್ನ ಕಡೆ ತಿರುಗಿದರು. "ಸ್ವಲ್ಪ ಹೊತ್ತು ಇದಕ್ಕೆ ಹಾಕು, ಸ್ವಲ್ಪ ಹೊತ್ತು ಅವರಿಗೆ ಹಾಕು. ಇಲ್ಲೇ ಕೂತಿರು."

ಕೂತೆ. ಒಂದಷ್ಟು ಹೊತ್ತು ಕರಿಯನಿಗೆ, ಒಂದಷ್ಟು ಹೊತ್ತು ಮೇಷ್ಟ್ರಿಗೆ. ಹಾರ ಹಾಕಲು ಬಂದವರು ಮೊದಲು ಮೇಷ್ಟ್ರನ್ನು, ಆಮೇಲೆ ಮೀನನ್ನು, ಆಮೇಲೆ ಒಂದು ಪ್ಲಗ್ಗು ಕೈಯಲ್ಲಿ ಹಿಡಿದು ಕೂತ ನನ್ನನ್ನು ನೋಡಿಕೊಂಡು ಹೊರಗೆ ಹೋಗುವರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮೇಷ್ಟ್ರ ಅಣ್ಣನಿಗೆ ತಡೆಯಲಾಗಲಿಲ್ಲ. "ಇದೇನವ್ವ ನಿನ್ ಉಚ್ಚಾಟ? ಇದು ಸಾಯ್ಲಿ, ಇದು ಸಾಯ್ಲಿ ಅಂತ ಇಷ್ಟು ದಿನ ದ್ಯಾವ್ರಿಗೆ ಅರಕೆ ಒತ್ತೋಳು ನೀನೇ ಅಲ್ವಾ? ಈಗ ಸತ್ರೆ ಸಾಯ್ಲಿ ಬುಡು ಅತ್ಲಾಗೆ."

ಅಮ್ಮಾವ್ರು ತೊಟ್ಟಿಯ ಗಾಜಿನ ಮೇಲೆ ಕೈಯಿಟ್ಟರು. ಕರಿಯ ಆ ಕೈಯ ಹತ್ತಿರ ಬಂದ.

"ಆಗ ಸತ್ತಿದ್ರೆ ಒಬ್ಬರನ್ನ ಉಳಿಸ್ತಿತ್ತು ಬಾವ. ಈಗ ಸತ್ತು ಯಾರನ್ನ ಉಳಿಸ್ಬೇಕು ಇದು?"

ಹಾಗಂದವರು ಅಲ್ಲೇ ಕುಸಿದು ಅಳುವುದಕ್ಕೆ ಶುರು ಮಾಡಿದರು. ಅಷ್ಟರಲ್ಲಿ ಮೇಷ್ಟ್ರ ಸರದಿ ಬಂದಿತ್ತು, ನಾನು ಪ್ಲಗ್ಗು ಬದಲಾಯಿಸಿದೆ.