ರೀವ ಹಕ್ಕಿಗಳ ನಡುಗಡ್ಡೆಯಲ್ಲಿ ನನ್ನ ಎಡವಟ್ಟುಗಳು

ಒಳ್ಳೇದು ಮಾಡೋಕೆ ಹೊರಟಾಗಲೇ ನನ್ನ ಕೈಲಿ ಎಡವಟ್ಟಾಗೋದು. ಸುಮ್ಮನೆ ಕೂತಿದ್ದಾಗ ಒಂದೂ ಆಗಿದ್ದಿಲ್ಲ. ಕಡೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದು ರಿಟೈರಾದ ಮೇಲೆ ಹಾಗೇ ಕೂತುಬಿಟ್ಟಿದ್ದರೆ ಚೆನ್ನಾಗಿತ್ತು.

ಲಕ್ಕವಳ್ಳಿ ಹತ್ತಿರ ಭದ್ರಾ ಹಿನ್ನೀರಿನ ನಡುಗಡ್ಡೆಗಳಿಗೆ ಬೇಸಿಗೆಯಲ್ಲಿ ರೀವ ಹಕ್ಕಿಗಳು ಬಂದು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಕಪ್ಪು ತಲೆ, ಹಳದಿ ಕೊಕ್ಕು, ಕವಲು ಬಾಲ. ಎಲ್ಲ ಕಡೆ ಕಮ್ಮಿಯಾಗ್ತಿವೆ, ಗೂಡು ಎಣಿಸೋಕೆ ಜನ ಬೇಕು ಅಂತ ಅರಣ್ಯ ಇಲಾಖೆಯವರು ಅಂದರು. ಮೂವತ್ತು ವರ್ಷ ತಲೆ ಎಣಿಸಿದವನಿಗೆ ಗೂಡು ಎಣಿಸೋದೇನು ಮಹಾ ಅಂತ ಹೆಸರು ಕೊಟ್ಟೆ.

ಇಬ್ಬರು ಹೋಗಿ ಒಬ್ಬರು ಬರೋದು

ಹಕ್ಕಿಗಳ ಮೇಲೆ ಅಧ್ಯಯನ ಮಾಡುತ್ತಿದ್ದ ಮೇಡಂ ನಮಗೆ ಕೆಲಸ ಹೇಳಿಕೊಡೋರು. ನನ್ನ ಮಗಳ ವಯಸ್ಸಿನ ಹುಡುಗಿ. ನಡುಗಡ್ಡೆಯ ಅಂಚಿನಲ್ಲಿ ಮಣ್ಣುಬಣ್ಣದ ಬಟ್ಟೆ ಕಟ್ಟಿ ಒಂದು ಮರೆ ಮಾಡಿಸಿದ್ದರು. ಅದರೊಳಗೆ ಕೂತು ಹಕ್ಕಿ ನೋಡಬೇಕು.

"ಸರ್, ನೀವೊಬ್ಬರೇ ಒಳಗೆ ಹೋದ್ರೆ ಹಕ್ಕಿ ನಂಬಲ್ಲ. ಇಬ್ಬರು ಹೋಗ್ಬೇಕು, ಒಬ್ಬರು ವಾಪಸ್ ಬರಬೇಕು. ಹಕ್ಕಿಗೆ ಲೆಕ್ಕ ಬರಲ್ಲ. ಎಲ್ಲಾ ಹೋದ್ರು ಅಂದ್ಕೊಂಡು ಗೂಡಿಗೆ ಬರುತ್ತೆ."

ಹಾಗೇ ಆಯ್ತು. ದೋಣಿಯವನು ನನ್ನ ಜೊತೆ ಒಳಗೆ ಬಂದ, ಒಬ್ಬನೇ ಹೊರಗೆ ಹೋದ. ಹಕ್ಕಿಗಳೆಲ್ಲ ಬಂದು ಮೊಟ್ಟೆ ಮೇಲೆ ಕೂತವು. ಹನ್ನೊಂದು ಗಂಟೆಗೆ ಅವನು ಬಂದು ಕರ್ಕೊಂಡು ಹೋಗಬೇಕು. ಹನ್ನೊಂದಾಯ್ತು, ಒಂದಾಯ್ತು, ಮೂರಾಯ್ತು. ಬಾಟಲಿ ನೀರು ಖಾಲಿ. ಎದ್ದು ಕೂಗೋ ಹಾಗಿಲ್ಲ. ಕೂಗಿದರೆ ಹಕ್ಕಿ ಏಳುತ್ತೆ, ಆ ಬಿಸಿಲಿಗೆ ಮೊಟ್ಟೆ ಬೆಂದೇಹೋಗುತ್ತೆ. ಬೆವರು ಒರೆಸಿಕೊಂಡು ಕೂತೆ.

ನಾಲ್ಕು ಗಂಟೆಗೆ ದೋಣಿಯವನು ಕಣ್ಣುಜ್ಜಿಕೊಂಡು ಬಂದ. ಊಟ ಮಾಡಿ ಒಂದು ನಿದ್ದೆ ಆಗಿತ್ತು.

"ಏನಪ್ಪಾ ಇದು?" ಅಂದೆ.

"ತಪ್ಪಾಯ್ತು ಕಂಡಕ್ಟ್ರೇ. ಎಲ್ಲಾ ವಾಪಸ್ ಬಂದ್ರು ಅಂದ್ಕೊಂಡೆ. ಆ ಹಕ್ಕಿಗೇನು, ನಂಗೂ ಲೆಕ್ಕ ಬರಲ್ಲ."

ಮೀನು

ಗಂಡು ರೀವ ನೀರಿಗೆ ಧುಮುಕಿ ಮೀನು ಹಿಡಿದು ತಂದು ಹೆಣ್ಣಿಗೆ ಕೊಡುತ್ತೆ. ಕೊಡೋ ಮುಂಚೆ ತಲೆ ಬಗ್ಗಿಸಿ ಒಂದು ಸುತ್ತು ಬರುತ್ತೆ, ಮದುವೆ ಗಂಡಿನ ಹಾಗೆ. ಕಣ್ಣಾರೆ ನೋಡಿ ಹಿಗ್ಗಿಹೋದೆ. ಮನೆಗೆ ಬಂದವನೇ ನಮ್ಮವಳಿಗೆ ಅಡುಗೆಮನೆಯಲ್ಲೇ ನಿಂತು ಆಕ್ಟಿಂಗ್ ಮಾಡಿ ತೋರಿಸಿದೆ. ಅವಳು ರೊಟ್ಟಿ ತಟ್ಟೋದು ನಿಲ್ಲಿಸಿ ಪೂರ್ತಿ ಕೇಳಿದಳು.

"ದಿನಾ ತರುತ್ತಾ?"

"ದಿನಾ ಕಣೇ!"

"ನಾವು ಲಿಂಗ ಕಟ್ಟಿದೋರು, ಮೀನು ಬೇಡ ಬಿಡಿ. ಮೂವತ್ತು ವರ್ಷ ಕಡೂರು ಬಸ್‌ಸ್ಟ್ಯಾಂಡಲ್ಲೇ ಇದ್ರಲ್ಲ, ಹೂವಿನೋಳು ಅಲ್ಲೇ ಬಾಗಿಲಲ್ಲಿ ಕೂತಿರ್ತಿದ್ಲು. ಒಂದಿನ ಒಂದು ಮೊಳ ತಂದಿದ್ರೆ ಸಾಕಾಗಿತ್ತು."

ಮಾರನೇ ದಿನವೇ ತಂದುಕೊಟ್ಟೆ. ಅವಳು ಅದನ್ನ ದೇವರ ಫೋಟೊಗೆ ಹಾಕಿ, "ಈಗ ಕೂದಲೆಲ್ಲಿ ಉಳಿದಿದೆ" ಅಂದಳು.

ಬೀಗರು ಬಂದದ್ದು

ಇದನ್ನ ನಗುತ್ತಾ ಹೇಳೋದು ಕಷ್ಟ. ಆದರೂ ಹೇಳ್ತೀನಿ.

ಪಂಚನಹಳ್ಳಿಯ ನಮ್ಮ ಬೀಗರು, ಅಂದರೆ ಮಗಳ ಮಾವ, "ನೀವು ಅದೇನೋ ಹಕ್ಕಿಗೆ ದೊಡ್ಡ ಆಫೀಸರ್ ಆಗಿದ್ದೀರಂತೆ" ಅಂದುಬಿಟ್ಟರು. ಆ ಮಾತಿಗೆ ಉಬ್ಬಿಹೋದೆ. ಮೇಡಂ ಊರಲ್ಲಿಲ್ಲದ ದಿನ ನೋಡಿಕೊಂಡು, ದೋಣಿಯವನನ್ನ ಪುಸಲಾಯಿಸಿ, ಬೀಗರು ಬೀಗಿತ್ತಿ ಇಬ್ಬರನ್ನೂ ನಡುಗಡ್ಡೆಗೆ ಕರ್ಕೊಂಡು ಹೋದೆ. ಹತ್ತು ನಿಮಿಷ ಅಂದಿದ್ದೆ. ಬೀಗಿತ್ತಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಬೀಗರ ಮುಂದೆ "ಏಳಿ" ಅನ್ನೋಕೆ ನಾಲಗೆ ಬರಲಿಲ್ಲ. ನೆತ್ತಿ ಸುಡೋ ಬಿಸಿಲು. ಹಕ್ಕಿಗಳೆಲ್ಲ ಎದ್ದು ನಮ್ಮ ತಲೆ ಮೇಲೆ ಕಿರುಚುತ್ತಾ ಸುತ್ತುತ್ತಿದ್ದವು.

ಬೀಗರು ಬಾಯಿ ತುಂಬ ಚಿತ್ರಾನ್ನ ಇಟ್ಟುಕೊಂಡು ಮೇಲೆ ನೋಡಿ, "ನಿಮ್ಮನ್ನ ಕಂಡ್ರೆ ಅವಕ್ಕೆ ಎಷ್ಟು ಪ್ರೀತಿ ಕಣ್ರೀ! ನೋಡಿ, ಹೆಂಗೆ ಮಾತಾಡಿಸ್ತವೆ!" ಅಂದರು.

ಮಾರನೇ ದಿನ ಹೋಗಿ ನೋಡಿದರೆ ಆ ಕಡೆಯ ಮೂರು ಗೂಡಲ್ಲಿ ಮೊಟ್ಟೆ ಇಲ್ಲ. ಒಂದರಲ್ಲಿ ಚಿಪ್ಪಿನ ಚೂರು ಬಿದ್ದಿತ್ತು. ತಾಯಿ ಎದ್ದ ಹೊತ್ತು ನೋಡಿಕೊಂಡು ಹದ್ದು ಇಳಿದಿತ್ತು. ನಾನು ಗೂಡಿನ ಲೆಕ್ಕದ ಪುಸ್ತಕದಲ್ಲಿ ಗುಂಡಗೆ ಬರೆದೆ: "ಹದ್ದಿನ ಕಾಟ." ಸುಳ್ಳೇನಲ್ಲ. ಆ ಹದ್ದಿಗೆ ದಾರಿ ಬಿಟ್ಟ ಕಂಡಕ್ಟರ್ ಯಾರು ಅಂತ ಮಾತ್ರ ಬರೀಲಿಲ್ಲ.

ಕ್ಯಾಮೆರಾ

ಆ ಮೂರು ಜೋಡಿ ಮತ್ತೆ ಮೊಟ್ಟೆ ಇಟ್ಟವು. ಆದರೆ ತಡವಾಗಿ. ಉಳಿದ ಗೂಡುಗಳ ಮರಿಗಳೆಲ್ಲ ಹಾರಿಹೋದರೂ ಇವು ಇನ್ನೂ ಕಾವಿಗೆ ಕೂತೇ ಇದ್ದವು. ಅಷ್ಟರಲ್ಲಿ ಘಟ್ಟದಲ್ಲಿ ಮಳೆ ಹಿಡಿದು ಹಿನ್ನೀರು ಏರೋಕೆ ಶುರುವಾಯ್ತು. ದಿನಾ ಹೋಗಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಹೋದರೆ ಗೂಡಿದ್ದ ಜಾಗದಲ್ಲಿ ಬರೀ ನೀರು. ಒಂದು ಹೆಣ್ಣು ಹಕ್ಕಿ ಆ ನೀರಿನ ಮೇಲೆ ಇಳಿಯೋಕೆ ಬರೋದು, ಏಳೋದು, ಮತ್ತೆ ಬರೋದು. ದೋಣಿಯವನು ಹುಟ್ಟು ಹಾಕೋದು ಬಿಟ್ಟು ಮುಖ ಆ ಕಡೆ ತಿರುಗಿಸಿಕೊಂಡ.

ದಡಕ್ಕೆ ಬಂದವನೇ ಮೇಡಂ ಹತ್ತಿರ ಹೋಗಿ ಎಲ್ಲಾ ಒಪ್ಪಿಕೊಂಡೆ.

"ಗೊತ್ತು ಸರ್" ಅಂದರು. "ಒಣಮರದ ಬೊಡ್ಡೆಗೆ ಕ್ಯಾಮೆರಾ ಕಟ್ಟಿದ್ದೆ. ಊರಿಂದ ಬಂದ ದಿನವೇ ನೋಡ್ದೆ. ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾಳೆಯಿಂದ ಬರಬೇಡಿ ಅಂತೀರಾ?" ಅಂದೆ.

"ಬನ್ನಿ. ಆದ್ರೆ ಮುಂದಿನ ವರ್ಷ ಹೊಸಬರಿಗೆ ಆ ವಿಡಿಯೊ ತೋರಿಸ್ತೀನಿ. ಬೇಜಾರಿಲ್ಲ ತಾನೆ?"

ಈ ವರ್ಷ ತೋರಿಸಿದರು. ಮುಖ ಮಸುಕು ಮಾಡಿದ್ದರು, ದನಿ ಹಾಗೇ ಬಿಟ್ಟಿದ್ದರು. ಪರದೆ ಮೇಲೆ ಒಬ್ಬ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಹಿಂದೆ ಇಬ್ಬರು ಚಿತ್ರಾನ್ನ ತಿನ್ನುತ್ತಿದ್ದಾರೆ. ಅವನು ಗತ್ತಾಗಿ ಹೇಳುತ್ತಾನೆ: "ಇಲ್ಲಿಗೆ ಯಾರನ್ನೂ ಬಿಡಲ್ಲ ಬೀಗರೇ, ಭಾರಿ ಸ್ಟ್ರಿಕ್ಟು!"

ಕೋಣೆಯಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ನನ್ನ ಪಕ್ಕ ಅಜ್ಜಂಪುರದಿಂದ ಹೊಸದಾಗಿ ಬಂದಿದ್ದ ರಿಟೈರ್ಡ್ ಟೀಚರಮ್ಮ ಕೂತಿದ್ದರು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ನನ್ನ ಕಡೆ ಬಗ್ಗಿ ಕೇಳಿದರು:

"ಪಾಪ, ಆ ಮನುಷ್ಯಂಗೆ ಆಮೇಲಾದ್ರೂ ಬುದ್ಧಿ ಬಂತೇನ್ರೀ?"

"ಬಂತು ಕಣಮ್ಮ" ಅಂದೆ. "ಅದಕ್ಕಿಂತ ಮುಂಚೆ ನೀರು ಬಂದ್ಬಿಡ್ತು."

ಟೀಚರಮ್ಮ ನನ್ನ ದನಿ ಕೇಳಿ ಒಂದು ಸಲ ಪರದೆ ನೋಡಿದರು, ಒಂದು ಸಲ ನನ್ನ ನೋಡಿದರು. ಆಮೇಲೆ ಚೀಲ ಎತ್ತಿಕೊಂಡು ಮೆಲ್ಲಗೆ ಒಂದು ಕುರ್ಚಿ ಆಚೆ ಹೋಗಿ ಕೂತರು.