ಹೊಟ್ಟೆಯಿಂದ ಕೂಗಿ

ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ನಾನು ಕೂಗಿದರೆ ಯಾರೂ ನೋಡುವುದಿಲ್ಲ. ಇದು ನನ್ನ ದೂರು. ದೂರು ಎಂದ ಮೇಲೆ ನನ್ನ ಉದ್ಯೋಗವನ್ನೂ ಹೇಳಿಬಿಡಬೇಕು, ಯಾಕೆಂದರೆ ಎಲ್ಲ ತಾಪತ್ರಯದ ಮೂಲ ಅಲ್ಲೇ ಇರುವುದು. ವಾಷಿಂಗ್ ಮೆಷಿನ್ ಮಾರುವ ಕಂಪನಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವ ಫೋನಿನ ಮುಂದೆ ಕೂರುವವಳು ನಾನು. ಮೆಷಿನ್ ಕೆಟ್ಟವರು ನನ್ನನ್ನು ಬಯ್ಯುತ್ತಾರೆ. ಮೆಷಿನ್ ಚೆನ್ನಾಗಿದ್ದು ಪ್ಲಗ್ ಹಾಕಲು ಮರೆತವರು ಇನ್ನೂ ಜೋರಾಗಿ ಬಯ್ಯುತ್ತಾರೆ. ಇಬ್ಬರಿಗೂ ನಾನು, ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಜೇನು ಸುರಿದ ಹಾಗೆ ಹೇಳಬೇಕು. ಹೀಗೆ ವರ್ಷಗಟ್ಟಲೆ ವಿಷಾದಿಸಿ ವಿಷಾದಿಸಿ, ಏರುದನಿ ಎನ್ನುವುದು ನನ್ನ ಗಂಟಲಿನಲ್ಲಿ ಬಳಕೆಯಿಲ್ಲದೆ ತುಕ್ಕು ಹಿಡಿದುಹೋಗಿತ್ತು.

ಎಷ್ಟರಮಟ್ಟಿಗೆ ಎಂದರೆ, ಒಂದು ಸಂಜೆ ಬಸ್ಸಿನಲ್ಲಿ ಭಾರಿ ಗಾತ್ರದ ಮನುಷ್ಯರೊಬ್ಬರು ನನ್ನ ಪಾದದ ಮೇಲೆ ಪಾದವಿಟ್ಟು ನಿಂತುಕೊಂಡರು. ನಾನು ಅವರಿಗೆ ಕ್ಷಮೆ ಕೇಳಿದೆ. (ಅವರು ಕ್ಷಮಿಸಿದರು. ಪಾದ ಮಾತ್ರ ತೆಗೆಯಲಿಲ್ಲ.) ಮುಂದಿನ ನಿಲ್ದಾಣದಲ್ಲಿ ಕುಂಟುತ್ತಾ ಇಳಿದು ತಲೆಯೆತ್ತಿ ನೋಡುತ್ತೇನೆ, ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಬೋರ್ಡು: ‘ಕರಾಟೆ. ಹೊಸಬರಿಗೆ ಸ್ವಾಗತ. ವಯಸ್ಸಿನ ಮಿತಿ ಇಲ್ಲ.’ ನನ್ನೊಳಗಿನ ವೀರವನಿತೆ ಅಲ್ಲೇ, ಆ ಫುಟ್‌ಪಾತಿನ ಮೇಲೇ, ಒಂಟಿ ಕಾಲಿನಲ್ಲಿ ಎಚ್ಚೆತ್ತಳು.

ಮನೆಯಲ್ಲಿ ವಿಷಯ ಮಂಡಿಸಿದೆ. ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕೊಡುವ ಪುಣ್ಯಾತ್ಮರಿಗೆ ಮಂಚದ ಮೇಲೆ ತಾವೇ ಎಸೆದ ಒದ್ದೆ ಟವೆಲ್ ಮಾತ್ರ ಕಾಣುವುದಿಲ್ಲ. ಅವರು ಪೇಪರ್ ಕೆಳಗಿಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಕರಾಟೆನಾ? ನೀನಾ? ಸ್ವೆಟರ್ ಕ್ಲಾಸಿಗೆ ಹೋದೆ, ಒಂದು ತೋಳು ಆಯ್ತು. ಈಜೋಕೆ ಹೋದೆ, ನೀರು ತಣ್ಣಗಿದೆ ಅಂತ ವಾಪಸ್ ಬಂದೆ. ಈಗ ಇದು ಬೇರೆ.”

“ಹೋಗ್ಲಿ ಬಿಡೋ,” ಎಂದರು ಸೋಫಾದ ಆ ತುದಿಯಿಂದ ನಮ್ಮ ಅತ್ತೆ. “ಎಷ್ಟು ದಿನ ಹೋಗ್ತಾಳೆ, ಒಂದು ವಾರ. ಅಷ್ಟರಲ್ಲಿ ಕೈ ಕಾಲು ಏನೂ ಮುರಿಯಲ್ಲ.”

ವಿರೋಧಿಸಿದ್ದರೆ ನಾನು ಸುಮ್ಮನಾಗುತ್ತಿದ್ದೆನೋ ಏನೋ. ಆ ‘ಒಂದು ವಾರ’ ನನ್ನ ಎದೆಗೆ ನೇರವಾಗಿ ನಾಟಿತು. ಅಲ್ಲಿಂದಲೇ ಪಟ್ಟು ಹಿಡಿದೆ. ಪಟ್ಟು ಹಿಡಿಯುವುದೇನೋ ಸುಲಭ, ಪೆಟ್ಟಿನ ವಿಚಾರ ನನಗೆ ಮಾರನೆಯ ದಿನ ನೆನಪಾಯಿತು. ಅಂಗಡಿಯ ಪಕ್ಕದ ಮೆಟ್ಟಿಲ ಬುಡದಲ್ಲಿ ನಿಂತಿದ್ದೇನೆ, ಮೇಲಿನಿಂದ ‘ಹಾ’ ಎಂದು ಇಪ್ಪತ್ತು ಜನರ ಆರ್ಭಟ, ಹಿಂದೆಯೇ ಯಾರೋ ಧೊಪ್ಪನೆ ಬಿದ್ದ ಸದ್ದು. ಮೆಟ್ಟಿಲಿಗೆ ಎತ್ತಿದ ಕಾಲನ್ನು ಮೆಲ್ಲನೆ ಕೆಳಗಿಟ್ಟೆ. ಅಷ್ಟರಲ್ಲಿ ಅಂಗಡಿಯವರು, “ಏನ್ ಬೇಕಿತ್ತು ಮೇಡಂ?” ಎಂದರು. ಹೆದರಿಕೊಂಡು ನಿಂತಿದ್ದೇನೆ ಎಂದು ಹೇಳಲಾದೀತೇ? “ಸ್ಟೂಲ್,” ಎಂದೆ.

ಎರಡನೆಯ ದಿನವೂ ಅದೇ ಕಥೆ, ಇನ್ನೊಂದು ಸ್ಟೂಲ್.

“ಏನೇ ಇದು, ಕರಾಟೆ ಕ್ಲಾಸಲ್ಲಿ ದಿನಾ ಸ್ಟೂಲ್ ಕೊಡ್ತಾರಾ?” ಎಂದರು ಇವರು.

“ಮನೇಲಿ ಒಡೆಯೋಕೆ ಕೊಟ್ಟಿದಾರೆ,” ಎಂದು ಗಂಭೀರವಾಗಿ ಹೇಳಿ ಒಳಗೆ ನಡೆದೆ. ಅತ್ತೆ ಆ ಸ್ಟೂಲನ್ನೂ ನನ್ನ ಕೈಗಳನ್ನೂ ಬಹಳ ಹೊತ್ತು ನೋಡುತ್ತಾ ಕುಳಿತಿದ್ದರು.

ಮೂರನೆಯ ದಿನ ನನ್ನನ್ನು ಕಂಡದ್ದೇ ಅಂಗಡಿಯವರು ಖುಷಿಯಿಂದ ಬೀರು ತೋರಿಸಲು ಎದ್ದರು. ಬೀರು ಹೊತ್ತು ಮನೆಗೆ ಹೋಗುವುದಕ್ಕಿಂತ ಪೆಟ್ಟು ತಿನ್ನುವುದೇ ಹಗುರ ಅನ್ನಿಸಿತು. ಕಣ್ಣು ಮುಚ್ಚಿ ಮೆಟ್ಟಿಲು ಹತ್ತಿಬಿಟ್ಟೆ.

ಮೇಲೆ ಉದ್ದನೆಯ ಹಾಲ್, ನೆಲಕ್ಕೆ ಮ್ಯಾಟ್, ಗೋಡೆಗೆ ಕನ್ನಡಿ. ಕಲಿಸುವ ಮೇಡಂ ನನ್ನ ಅರ್ಧ ತೂಕ, ಅರ್ಧ ವಯಸ್ಸು. ಬಿಳಿ ಸಮವಸ್ತ್ರ ಕೊಟ್ಟರು. ಪ್ಯಾಂಟು ನನಗಿಂತ ಒಂದು ಗೇಣು ಉದ್ದವಿತ್ತು, ಹಾಗಾಗಿ ನನ್ನ ಮೊದಲ ಶತ್ರು ನನ್ನ ಪ್ಯಾಂಟೇ ಆಯಿತು. ಆದರೆ ಆಶ್ಚರ್ಯ ಕೇಳಿ: ಪಂಚ್ ಹೊಡೆಯುವುದು ನನಗೆ ಬಂತು. ಕಿಕ್ ಕೂಡ ಸುಮಾರಾಗಿ ಬಂತು. ನೆಲ ಒರೆಸಿ, ಬಕೆಟ್ ಎತ್ತಿ ಪಳಗಿದ ಸೊಂಟ ಸುಮ್ಮನೆ ಹೋಗುತ್ತದೆಯೇ. ನಾನು ಒಳಗೊಳಗೇ ಬೀಗುತ್ತಿರುವಾಗ ಮೇಡಂ ಹೇಳಿದರು:

“ಆಂಟಿ, ಪಂಚ್ ಜೊತೆ ಕೂಗಬೇಕು. ಗಂಟಲಿಂದ ಅಲ್ಲ, ಹೊಟ್ಟೆಯಿಂದ.”

ಕೂಗಿದೆ. ಎದುರಿಗಿದ್ದ ಹುಡುಗಿ, “ಆಕಳಿಕೆ ಬಂತಾ ಆಂಟಿ?” ಎಂದು ಕೇಳಿದಳು.

ಮತ್ತೆ ಪ್ರಯತ್ನಿಸಿದೆ. ಜೋಡಿ ಅಭ್ಯಾಸದಲ್ಲಿ ಅವಳ ಭುಜಕ್ಕೆ ಮೆತ್ತಗೆ ಒಂದು ಪಂಚ್ ತಾಗಿತು. ಬಾಯಿ ತೆರೆದೆ. ಒಳಗಿನಿಂದ ಸರಾಗವಾಗಿ ಹೊರಬಂದದ್ದು, “ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.” ಇಡೀ ಹಾಲ್ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. “ಆಂಟಿ, ತಿಂಗಳ ಕೊನೆಗೆ ದೊಡ್ಡ ಮಾಸ್ಟರ್ ಬರ್ತಾರೆ ಪರೀಕ್ಷೆಗೆ. ಅವರಿಗೆ ಕೂಗು ಕೇಳಿಸ್ಲಿಲ್ಲ ಅಂದ್ರೆ ಹಳದಿ ಬೆಲ್ಟ್ ಇಲ್ಲ. ಬಿಳಿಯಲ್ಲೇ ಇರ್ಬೇಕಾಗತ್ತೆ.”

ನಗಬೇಡಿ, ಆ ಹಳದಿ ಬೆಲ್ಟ್ ನನಗೆ ನಿಜಕ್ಕೂ ಬೇಕಿತ್ತು. ಬಟ್ಟೆಯ ತುಂಡಿನ ಆಸೆಗಲ್ಲ. ಹಿಡಿದ ಒಂದು ಕೆಲಸವನ್ನಾದರೂ ಮುಗಿಸಿದೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಿತ್ತು. ಬದುಕಿನಲ್ಲಿ ಒಂದು ಸಲವಾದರೂ ನನ್ನ ದನಿ ಒಂದು ಕೋಣೆಯ ಆ ಗೋಡೆಗೆ ಮುಟ್ಟಿ ವಾಪಸ್ ಬರಬೇಕಿತ್ತು.

ಹಾಗಾಗಿ ಮನೆಯಲ್ಲಿ ರಹಸ್ಯ ಸಾಧನೆ ಶುರುವಾಯಿತು. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಕೂಗಿದೆ, ನಲ್ಲಿಯೇ ಗೆದ್ದಿತು. ದಿಂಬಿಗೆ ಮುಖ ಒತ್ತಿ ಕೂಗಿದೆ, ನಿದ್ದೆ ಬಂತು. ಕೊನೆಗೆ ಬಟ್ಟೆಯ ಕಪಾಟಿನೊಳಗೆ ಹೊಕ್ಕು, ಕೋಟುಗಳ ನಡುವೆ ನಿಂತು, ಬಾಗಿಲು ಎಳೆದುಕೊಂಡು ಕೂಗತೊಡಗಿದೆ. ಒಂದು ಬೆಳಿಗ್ಗೆ ಕಪಾಟಿನ ಬಾಗಿಲು ತೆರೆಯಿತು.

“ಇಲ್ಲೇನ್ ಮಾಡ್ತಿದೀಯಾ?” ಎಂದರು ಇವರು.

“ಕೂಗ್ತಿದೀನಿ.”

“ಯಾರನ್ನ?”

“ಯಾರನ್ನೂ ಇಲ್ಲ. ಸುಮ್ನೆ ಕೂಗ್ತಿದೀನಿ.”

“ನಂಗೇನೂ ಕೇಳಿಸ್ಲೇ ಇಲ್ವಲ್ಲ.”

“ಅದೇ ಕಣ್ರೀ ಕಷ್ಟ.”

“ಸರಿ, ಆ ನೀಲಿ ಶರ್ಟ್ ಕೊಡು.” ಶರ್ಟ್ ತೆಗೆದುಕೊಂಡು ಬಾಗಿಲು ಮುಚ್ಚಿ ಹೋದರು. (ಮನೆಯಲ್ಲಿ ಅವರು ತೆರೆದ ಬಾಗಿಲನ್ನು ತಾವೇ ಮುಚ್ಚಿದ್ದು ಅದೊಂದೇ ಸಲ. ಒಳಗೆ ನಾನಿದ್ದೆ.)

ಸಂಜೆ ಅವರೇ ಉದಾರವಾಗಿ ಮುಂದೆ ಬಂದರು. “ನೋಡು, ಕೋಪ ಬಂದ್ರೆ ಕೂಗು ತಾನಾಗೇ ಬರತ್ತೆ. ನಿಂಗೆ ಕೋಪ ಬರ್ಸೋ ಜವಾಬ್ದಾರಿ ನಂದು. ನಾಳೆ ನೋಡ್ತಿರು.”

ಮರುದಿನ ನಾನು ಕೋಪಕ್ಕೆ ಸಿದ್ಧಳಾಗಿ ಕಾದೆ. ಟವೆಲ್ ಮಂಚದ ಮೇಲೆ ಬಿತ್ತು. ಪೇಪರಿನ ಹಾಳೆಗಳು ಮನೆಯಿಡೀ ಹರಡಿದವು. ಪೇಸ್ಟಿನ ಮುಚ್ಚಳ ಸಿಂಕಿನಲ್ಲಿ, ಕಾಫಿ ಲೋಟ ಟಿವಿಯ ಮೇಲೆ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ:

“ರೀ, ಯಾವಾಗ ಶುರು ಮಾಡ್ತೀರಾ?”

“ಮುಗೀತಲ್ಲ. ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ.”

“ಹೌದಾ? ಮಾಮೂಲಿ ದಿನ ಅಂದ್ಕೊಂಡೆ.”

ಅವರ ಮುಖ ಸ್ವಲ್ಪ ಸಪ್ಪಗಾಯಿತು. ನಾನು ಅತ್ತೆಯ ಮೊರೆ ಹೊಕ್ಕೆ. ಅವರು ನನ್ನ ಅಡುಗೆಯ ಬಗ್ಗೆ ಒಂದೇ ಒಂದು ಮಾತಾಡಿದರೆ ನನ್ನ ಹೊಟ್ಟೆಯೊಳಗೆ ಬೆಂಕಿ ಹೊತ್ತಿಕೊಳ್ಳುವುದು ಅನುಭವಸಿದ್ಧ ಸತ್ಯ. ತಟ್ಟೆ ಮುಂದಿಟ್ಟು, “ಅತ್ತೆ, ಇವತ್ತಿನ ಅಡುಗೆ ಬಗ್ಗೆ ಏನಾದ್ರೂ ಹೇಳಿ. ಮುಲಾಜು ಬೇಡ,” ಎಂದೆ.

ಅವರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಯೋಚಿಸಿದರು. “ಚೆನ್ನಾಗಿದೆ ಕಣೆ.”

“ಅತ್ತೆ, ಹಾಗನ್ಬೇಡಿ. ದಮ್ಮಯ್ಯ ಅಂತೀನಿ.”

“ನಾನೇನ್ ಮಾಡ್ಲಿ ಹೇಳು. ಬಯ್ಯಿ ಅಂತ ಕೇಳಿದ್ರೆ ಬರಲ್ಲ, ಅದು ತಾನಾಗೇ ಬರ್ಬೇಕು. ಇರು, ಇನ್ನೊಂದು ತುತ್ತು ನೋಡ್ತೀನಿ... ಇಲ್ಲ ಅಮ್ಮಾ, ಚೆನ್ನಾಗೇ ಇದೆ.”

ಈ ಮನೆಗೆ ಕಾಲಿಟ್ಟ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಕೋಪ ಬರುವ ಬದಲು ಕಣ್ಣಲ್ಲಿ ನೀರು ಬಂತು. ಕೂಗು ಇನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಯಿತು.

ಆದರೂ ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ. ಅತ್ತೆಯ ಒಂದು ವಾರ ಮುಗಿದು ಎರಡಾಯಿತು, ಮೂರಾಯಿತು. ಮೈಕೈ ನೋವಿಗೆ ಎದ್ದರೂ ‘ಅಯ್ಯೋ’, ಕೂತರೂ ‘ಅಯ್ಯೋ’. (ಆ ‘ಅಯ್ಯೋ’ ಆದರೂ ಜೋರಾಗಿ ಬರುತ್ತಿತ್ತೇ? ಅದೂ ಇಲ್ಲ.) ಕೂಗು ಬಾರದಿದ್ದರೆ ಬೇಡ, ನಾನಂತೂ ಬರುವವಳೇ ಎಂದು ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ.

ಪರೀಕ್ಷೆಯ ದಿನ ಬಂದೇಬಿಟ್ಟಿತು. ಎಲ್ಲರ ಮನೆಯವರೂ ಗೋಡೆ ಬದಿಯ ಬೆಂಚುಗಳಲ್ಲಿ ಕುಳಿತಿದ್ದರು. ನಮ್ಮವರೂ ಅತ್ತೆಯೂ ಮುಂದಿನ ಸಾಲಿನಲ್ಲೇ. ದೊಡ್ಡ ಮಾಸ್ಟರ್ ಎಂದರೆ ದೊಡ್ಡವರೇ. ಬಾಗಿಲು ತುಂಬ ಬಂದರು. ಹುಟ್ಟಿದಾಗಿನಿಂದ ನಕ್ಕ ಗುರುತು ಆ ಮುಖದಲ್ಲಿರಲಿಲ್ಲ. ನನ್ನ ಸರದಿ ಬಂದಾಗ ತಡೆ, ಪಂಚ್, ತಿರುಗುವುದು ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಉಳಿದದ್ದು ಕೊನೆಯ ವರಸೆ: ಮೊದಲು ಕೂಗು, ಅದರ ಬೆನ್ನಿಗೇ ಎರಡು ಪಂಚ್, ಒಂದು ಕಿಕ್.

ಉಸಿರೆಳೆದು ಕೂಗಿದೆ. ದೊಡ್ಡ ಮಾಸ್ಟರ್ ಮೇಡಂ ಕಡೆ ತಿರುಗಿ, “ಶುರು ಮಾಡೋಕೆ ಹೇಳಿ,” ಎಂದರು.

“ಮಾಡಿದ್ರು ಸರ್,” ಎಂದರು ಮೇಡಂ ತಲೆ ತಗ್ಗಿಸಿ.

ಇನ್ನೊಮ್ಮೆ ಕೂಗಿದೆ. ಇನ್ನೊಮ್ಮೆ ಗಾಳಿ ಮಾತ್ರ ಬಂತು. “ಕೊನೇ ಅವಕಾಶ,” ಎಂದರು ಅವರು.

ಧೈರ್ಯಕ್ಕೆಂದು ನಮ್ಮವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರ ಕನ್ನಡಕವನ್ನು ಮೂಗಿನಿಂದ ಬಿಡಿಸಿಕೊಂಡು, ಬೆಳಕಿಗೆ ಹಿಡಿದು, “ಫ್ರೇಮ್ ಸ್ವಲ್ಪ ಲೂಸ್ ಆಗಿದೆ, ಅಂಗಡಿಗೆ ಬನ್ನಿ,” ಎನ್ನುತ್ತಿದ್ದರು. ಅತ್ತೆ ಕರುಣೆಯಿಂದ ಕೈಬೀಸಿ ಕರೆದರು: “ಸಾಕು ಬಾ ಅಮ್ಮಾ, ಮನೆಗೆ ಹೋಗೋಣ.”

ಒಂದು ತಿಂಗಳು ನಾನು ಮೈ ಹಣ್ಣು ಮಾಡಿಕೊಂಡಿದ್ದೇನೆ. ನನ್ನ ಬದುಕಿನ ಅತಿ ದೊಡ್ಡ ಗಳಿಗೆ ಇದು. ಈ ಮನುಷ್ಯ ಫ್ರೇಮ್ ನೋಡುತ್ತಿದ್ದಾರೆ. ಹೊಕ್ಕಳಿಗಿಂತ ಕೆಳಗೆಲ್ಲೋ ಏನೋ ಕದಲಿತು. ಒದ್ದೆ ಟವೆಲ್ಲುಗಳು, ಮುಚ್ಚಳವಿಲ್ಲದ ಪೇಸ್ಟುಗಳು, ಪ್ಲಗ್ ಹಾಕದೆ ಬಯ್ದವರು, ಎಲ್ಲರೂ ಒಟ್ಟಿಗೆ ಮೇಲಕ್ಕೆದ್ದು ಬಂದು ನನ್ನ ಬಾಯಿಂದ ಹೊರಬಿದ್ದರು:

“ರೀ!”

ಕಿಟಕಿಯ ಗಾಜು ಗಡಗಡ ಅಂತು. ಹಾಲಿನಲ್ಲಿದ್ದ ಗಂಡಂದಿರೆಲ್ಲ ಒಮ್ಮೆಗೇ ಎದ್ದು ನಿಂತರು. ಹೊರಗೆ ಮೆಟ್ಟಿಲ ಮೇಲೆ ಫೋನಿನಲ್ಲಿ ಮಾತಾಡುತ್ತಿದ್ದ ಯಾರೋ, “ಏನೇ?” ಎನ್ನುತ್ತಾ ಓಡಿ ಬಂದರು. ದೊಡ್ಡ ಮಾಸ್ಟರ್ ಕೂಡ ಗಾಬರಿಯಿಂದ ಬಾಗಿಲ ಕಡೆ ತಿರುಗಿ, “ಬಂದೆ, ಬಂದೆ,” ಎಂದುಬಿಟ್ಟರು. ಆಮೇಲೆ ಕೆಮ್ಮಿದರು.

ಎಲ್ಲರಿಗಿಂತ ಮೊದಲು ಹೊರಟವರು ನಮ್ಮವರು. ಕೈಯಲ್ಲಿ ಆ ಕನ್ನಡಕ ಹಿಡಿದುಕೊಂಡೇ, “ಏನೇ, ಏನ್ ಬೇಕು?” ಎಂದು ಮ್ಯಾಟಿನ ಮೇಲೆ ನೇರ ನನ್ನೆದುರಿಗೆ ಬಂದು ನಿಂತರು. ನನ್ನ ಕೈಗೆ ಅದು ಗೊತ್ತಾಗಬೇಕಲ್ಲ. ಕೂಗಿನ ಬೆನ್ನಿಗೆ ಪಂಚ್ ಎಂದು ತಿಂಗಳಿಡೀ ಕಲಿತ ಕೈ, ಹೊರಟೇಬಿಟ್ಟಿತು. ಅವರು ನೆಲದಲ್ಲಿ ಏನೋ ಕಂಡವರಂತೆ ಬಗ್ಗಿದರು, ಪಂಚ್ ತಲೆಯ ಮೇಲೆ ಹಾದುಹೋಯಿತು. ಎರಡನೆಯ ಪಂಚಿಗೆ ಕತ್ತು ಓರೆ ಮಾಡಿದರು. ಕಿಕ್ಕಿಗೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಕನ್ನಡಕವನ್ನು ಜೋಪಾನವಾಗಿ ಮೇಲಕ್ಕೆತ್ತಿ, “ಹೇಳೇ, ಏನು?” ಎಂದರು.

ದೊಡ್ಡ ಮಾಸ್ಟರ್ ಎದ್ದು ಬಂದರು. “ಕೂಗು ಅಂದ್ರೆ ಇದು,” ಎಂದು ತಮ್ಮ ಕೈಯಾರೆ ನನ್ನ ಸೊಂಟಕ್ಕೆ ಹಳದಿ ಬೆಲ್ಟ್ ಕಟ್ಟಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಬಸ್ಸಿನ ಮನುಷ್ಯ ಎದುರಿಗೆ ಸಿಕ್ಕಿದ್ದರೆ ತಬ್ಬಿಕೊಂಡು ಧನ್ಯವಾದ ಹೇಳಿಬಿಡುತ್ತಿದ್ದೆ. ನನ್ನ ಸಂತೋಷಕ್ಕೆ ಸುಮಾರು ಅರ್ಧ ನಿಮಿಷದ ಆಯುಸ್ಸಿತ್ತು. ದೊಡ್ಡ ಮಾಸ್ಟರ್ ಆಮೇಲೆ ನಮ್ಮವರ ಕಡೆ ತಿರುಗಿದರು.

“ನೀವು ಎಷ್ಟು ವರ್ಷದಿಂದ ಅಭ್ಯಾಸ ಮಾಡ್ತಿದೀರಿ?”

“ಯಾವ ಅಭ್ಯಾಸ ಸರ್?”

“ಈ ತಪ್ಪಿಸಿಕೊಳ್ಳೋದು.”

“ಓ, ಅದಾ? ಮದುವೆ ಆದಾಗಿಂದ,” ಎಂದರು ವಿನಯದಿಂದ. “ಇವಳು ಏನೋ ಕೆಲಸ ಹೇಳೋಕೆ ಬರ್ತಿದಾಳೆ ಅಂತ ಗೊತ್ತಾದ್ರೆ ಸಾಕು ಸರ್, ಮೈ ತಾನಾಗೇ ಪಕ್ಕಕ್ಕೆ ಹೋಗತ್ತೆ.”

“ಕಣ್ಣಲ್ಲಿ ನೋಡದೇನೇ ಸರಿದ್ರಿ,” ಎಂದರು ದೊಡ್ಡ ಮಾಸ್ಟರ್, ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು. “ನನ್ನ ಹಳೇ ಶಿಷ್ಯರಿಗೂ ಇದು ಬಂದಿಲ್ಲ. ಇಲ್ಲಿ ಹೊಸಬರಿಗೆ ನೀವೇ ಇದನ್ನ ಹೇಳಿಕೊಡ್ಬೇಕು.”

“ನೋಡಿದ್ಯೇನೇ,” ಎಂದರು ಅತ್ತೆ ನನ್ನ ಭುಜ ತಟ್ಟಿ, “ಒಂದು ದಿನಾನೂ ಕಲೀದೆ ನನ್ನ ಮಗ ಹೇಗೆ ಮಾಡಿದ.”

ಈಗ ನಾವಿಬ್ಬರೂ ಒಟ್ಟಿಗೇ ಕ್ಲಾಸಿಗೆ ಹೋಗುತ್ತೇವೆ. ನಾನು ಹೊಡೆಯುವುದನ್ನು ಕಲಿಯುತ್ತಿದ್ದೇನೆ, ಅವರು ತಪ್ಪಿಸಿಕೊಳ್ಳುವುದನ್ನು ಕಲಿಸುತ್ತಿದ್ದಾರೆ. ಇಲ್ಲಿಯವರೆಗೆ ನನ್ನ ಒಂದು ಪಂಚೂ ಅವರಿಗೆ ತಾಗಿಲ್ಲ. ನಾನು ಪಟ್ಟು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಕಲಿಸುವವರಿಗೆ ಸೊಂಟ ಬಗ್ಗಿಸಿ ವಂದಿಸಿಯೇ ಅಭ್ಯಾಸ ಶುರು ಮಾಡಬೇಕೆಂದು ಕ್ಲಾಸಿನ ನಿಯಮ. ನಿನ್ನೆ ನಾನು ಹಲ್ಲು ಕಚ್ಚಿಕೊಂಡು ಬಗ್ಗಿದೆ. ಗುರುಗಳು ಕೈಕಟ್ಟಿ ನಿಂತು, ಗಂಭೀರ ಸ್ವರದಲ್ಲಿ ಹೇಳಿದರು:

“ಇನ್ನೂ ಸ್ವಲ್ಪ ಬಗ್ಗು. ನಂದೊಂದು ಸಾಕ್ಸ್ ಅಲ್ಲೇ ಎಲ್ಲೋ ಬಿದ್ದಿದೆ, ಹಾಗೇ ಎತ್ಕೊಂಡುಬಿಡು.”